ಬೆಂಗಳೂರಿಗೆ ಬಂದ ನಿರಾಶ್ರಿತ: ರಾಮನ್, ಬಾರ್ನ್ ಮತ್ತು ಯೋಗ್ಯತೆಯ ಪ್ರಶ್ನೆ

ಶೇಷಾದ್ರಿಪುರದಿಂದ ಮಲ್ಲೇಶ್ವರವನ್ನು ದಾಟಿ ಉತ್ತರಕ್ಕೆ ನಡೆದರೆ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣ ಸಿಗುತ್ತದೆ. ಸರ್ ಸಿ. ವಿ. ರಾಮನ್ ಅವರು 1933ರಲ್ಲಿ ಅದರ ಪ್ರಥಮ ಭಾರತೀಯ ನಿರ್ದೇಶಕರಾದರು. ಬೆಳಕಿನ ಚದುರುವಿಕೆಯನ್ನು ಕುರಿತ 1928ರ ಶೋಧನೆ, 1930ರ ನೊಬೆಲ್ ಪಾರಿತೋಷಕ ಇವು ಶಾಲಾ ಮಕ್ಕಳಿಗೂ ತಿಳಿದ ಸಂಗತಿಗಳು, ಅವನ್ನು ವಿಸ್ತರಿಸುವುದಿಲ್ಲ. ಅವರ ಆಡಳಿತಕಾಲದ ಒಂದು ಪ್ರಸಂಗ ಮಾತ್ರ ದೈವಶಾಸ್ತ್ರದ ವಿದ್ಯಾರ್ಥಿಗಳ ಗಮನಕ್ಕೆ ಅರ್ಹವೆಂದು ಭಾವಿಸುತ್ತೇವೆ.

ಅದೇ 1933ರ ಏಪ್ರಿಲ್‌ನಲ್ಲಿ ಜರ್ಮನಿಯ ನಾಜಿ ಸರ್ಕಾರವು ಯೆಹೂದ್ಯ ಮೂಲದವರನ್ನು ಸರ್ಕಾರಿ ಹುದ್ದೆಗಳಿಂದ ತೆಗೆಯುವ ಕಾನೂನನ್ನು ಹೊರಡಿಸಿತು. ಗಟಿಂಗೆನ್ ವಿಶ್ವವಿದ್ಯಾಲಯದ ಭೌತಶಾಸ್ತ್ರ ಪ್ರಾಧ್ಯಾಪಕ ಮ್ಯಾಕ್ಸ್ ಬಾರ್ನ್ ತಮ್ಮ ಸ್ಥಾನ ಕಳೆದುಕೊಂಡರು. ಅವರು 1914ರಲ್ಲಿಯೇ ಲೂಥರನ್ ಸಭೆಯಲ್ಲಿ ದೀಕ್ಷಾಸ್ನಾನ ಪಡೆದಿದ್ದರು. ಕಾನೂನು ಅಜ್ಜ ಅಜ್ಜಿಯರ ವಂಶವನ್ನು ನೋಡಿತೇ ಹೊರತು ದೀಕ್ಷಾಸ್ನಾನವನ್ನಲ್ಲ. ಆ ಸಂಸ್ಕಾರವು ಅಳಿಸಲಾಗದ ಮುದ್ರೆಯನ್ನು ಒತ್ತುತ್ತದೆಂದು ತರಗತಿಯಲ್ಲಿ ಬೋಧಿಸುವ ನಾವು, ಸರ್ಕಾರಿ ಕಾಗದವೊಂದು ಅದನ್ನು ಲೆಕ್ಕಕ್ಕೇ ಹಿಡಿಯಲಿಲ್ಲವೆಂಬುದನ್ನು ನೆನೆಯಬೇಕು. ದೀಕ್ಷಾಸ್ನಾನವಿಲ್ಲದ ಯೆಹೂದ್ಯರಿಗಾಗಿ ದನಿಯೆತ್ತಿದ ಕ್ರೈಸ್ತರು ಅಂದು ವಿರಳವಾಗಿದ್ದರೆಂಬುದನ್ನೂ ಮರೆಯಬಾರದು.

ಕೇಂಬ್ರಿಜ್‌ನಲ್ಲಿ ತಾತ್ಕಾಲಿಕ ಆಶ್ರಯ ಪಡೆದಿದ್ದ ಬಾರ್ನ್ ಅವರನ್ನು ರಾಮನ್ ಬೆಂಗಳೂರಿಗೆ ಆಹ್ವಾನಿಸಿದರು. 1935ರಲ್ಲಿ ಪತ್ನಿ ಹೆಡ್ವಿಗ್ ಅವರೊಡನೆ ಬಂದ ಬಾರ್ನ್ ಸುಮಾರು ಆರು ತಿಂಗಳು ಇಲ್ಲಿದ್ದು ಉಪನ್ಯಾಸ ನೀಡಿದರು. ಅವರನ್ನು ಇಲ್ಲಿಯೇ ಕಾಯಂ ಆಗಿ ಉಳಿಸಿಕೊಳ್ಳಬೇಕೆಂಬುದು ರಾಮನ್ ಅವರ ಆಸೆ. ಪ್ರಾಧ್ಯಾಪಕರ ಸಭೆಯಲ್ಲಿ ಅವರು ಬಾರ್ನ್ ಅವರ ವಿದ್ವತ್ತನ್ನು ಬಹುವಾಗಿ ಹೊಗಳಿದರು. ಆಗ ಆಸ್ಟನ್ ಎಂಬ ಆಂಗ್ಲ ಪ್ರಾಧ್ಯಾಪಕರು ಎದ್ದು, ಸ್ವದೇಶದಿಂದ ಹೊರದೂಡಲ್ಪಟ್ಟ ಎರಡನೆಯ ದರ್ಜೆಯ ಪರದೇಶಿಯೊಬ್ಬ ಈ ಸಂಸ್ಥೆಗೆ ತಕ್ಕವನಲ್ಲವೆಂಬ ಅರ್ಥದಲ್ಲಿ ಮಾತನಾಡಿದರು. ಬಾರ್ನ್ ಅದನ್ನು ಎದುರಿನಲ್ಲಿಯೇ ಕುಳಿತು ಕೇಳಬೇಕಾಯಿತು. ಮನೆಗೆ ಮರಳಿ ಪತ್ನಿಯ ಮುಂದೆ ಅತ್ತುದನ್ನು ಅವರೇ ಬರೆದಿದ್ದಾರೆ.

ಈ ಪ್ರಸಂಗವನ್ನು ಒಳ್ಳೆಯವರ ಮತ್ತು ಕೆಟ್ಟವರ ಕಥೆಯನ್ನಾಗಿ ಹೇಳುವುದು ಸುಲಭ. ನಮಗೆ ಅದರಲ್ಲಿ ತೃಪ್ತಿಯಿಲ್ಲ. ಆಸ್ಟನ್ ಅವರದು ಕ್ರೂರ ನುಡಿ, ನಿಜ. ಆದರೆ ಸಭೆಯಲ್ಲಿ ಇಬ್ಬರೂ ವಾದಿಸಿದ್ದು ದರ್ಜೆಯ ಕುರಿತಾಗಿಯೇ: ಒಬ್ಬರಿಗೆ ಬಾರ್ನ್ ಪ್ರಥಮ ದರ್ಜೆ, ಇನ್ನೊಬ್ಬರಿಗೆ ಎರಡನೆಯದು. ಬಾಗಿಲು ತೆರೆಯಲು ಯೋಗ್ಯತೆ ಬೇಕೆಂಬುದರಲ್ಲಿ ಭಿನ್ನಾಭಿಪ್ರಾಯವಿರಲಿಲ್ಲ. ವಿದ್ಯಾಸಂಸ್ಥೆಗೆ ಅದು ಸಹಜವೇ ಇರಬಹುದು. ಮತ್ತಾಯನ ಶುಭಸಂದೇಶದ ಇಪ್ಪತ್ತೈದನೆಯ ಅಧ್ಯಾಯದಲ್ಲಿ ಪರದೇಶಿಗೆ ಅಂತಹ ಪರೀಕ್ಷೆಯಿಲ್ಲ.

ಯೋಗ್ಯತೆಯ ಅಳತೆಗೋಲು ಎಲ್ಲರಿಗೂ ಒಂದೇ ಆಗಿರಲಿಲ್ಲವೆಂಬುದಕ್ಕೂ ಅದೇ ಸಂಸ್ಥೆಯಲ್ಲಿ ಸಾಕ್ಷಿಯುಂಟು. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಯಲ್ಲಿ ಮೊದಲಿಗರಾಗಿ ಬಂದ ಕಮಲಾ ಭಾಗವತರಿಗೆ, ಹೆಣ್ಣೆಂಬ ಕಾರಣಕ್ಕೆ ರಾಮನ್ ಪ್ರವೇಶ ನಿರಾಕರಿಸಿದರು. ಆಕೆ ಪಟ್ಟುಹಿಡಿದ ಮೇಲೆ ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನೊಡನೆ ಸೇರಿಸಿಕೊಂಡರು. ಪರದೇಶಿಗೆ ತೆರೆದ ಕೈಯೇ ಸ್ವದೇಶದ ಮಗಳಿಗೆ ಅಗುಳಿ ಹಾಕಿತ್ತು. ಆಕೆ ಆ ವರ್ಷವನ್ನು ಗೆದ್ದು, ಮುಂದೆ ಕಮಲಾ ಸೊಹೊನಿ ಎಂಬ ಹೆಸರಿನಿಂದ ಖ್ಯಾತ ಜೀವರಸಾಯನ ವಿಜ್ಞಾನಿಯಾದರು.

ಬಾರ್ನ್ ಅವರಿಗೆ ಬೆಂಗಳೂರಿನಲ್ಲಿ ಕಾಯಂ ಹುದ್ದೆ ದೊರೆಯಲಿಲ್ಲ. 1936ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯ ಅವರನ್ನು ಕರೆದುಕೊಂಡಿತು. ಆಡಳಿತದ ಕಲಹಗಳ ನಡುವೆ ರಾಮನ್ 1937ರಲ್ಲಿ ನಿರ್ದೇಶಕತ್ವವನ್ನು ಬಿಟ್ಟು, 1948ರವರೆಗೆ ಪ್ರಾಧ್ಯಾಪಕರಾಗಿ ಅಲ್ಲಿಯೇ ಉಳಿದರು. ಹರಳುಗಳೊಳಗಿನ ಕಂಪನಗಳ ವಿಷಯದಲ್ಲಿ ಮುಂದೆ ಇವರಿಬ್ಬರ ನಡುವೆಯೇ ಕಟುವಾದ ವಿವಾದ ಹುಟ್ಟಿತು. ಅದರಲ್ಲಿ ನಿಂತದ್ದು ಬಾರ್ನ್ ಅವರ ಸಿದ್ಧಾಂತ. ಎರಡನೆಯ ದರ್ಜೆಯೆನಿಸಿಕೊಂಡವರಿಗೆ ನೊಬೆಲ್ ಪಾರಿತೋಷಕ ಬಂದದ್ದು 1954ರಲ್ಲಿ, ಬೆಂಗಳೂರಿಗೆ ಬರುವ ಮೊದಲೇ, 1926ರಲ್ಲಿ, ಮಾಡಿದ ಕೆಲಸಕ್ಕಾಗಿ.