ನಮ್ಮ ಕಡೆಯ ಇತಿಹಾಸ, ಭಾಗ 7: ಧಾರವಾಡದ ಲ್ಯಾಬು, ಬ್ಯಾಡಗಿ ಹೊಲ

ಮೊದಲನೇ ಫೋಟೋ ಬ್ಯಾಡಗಿ ಹತ್ರ ನಮ್ಮ ಕಾಕಾನ ಮೆಣಸಿನಕಾಯಿ ಹೊಲ. ಸ್ವೈಪ್ ಮಾಡಿದ್ರ ಗೂಗಲ್ ಸ್ಕಾಲರ್ ಸ್ಕ್ರೀನ್‌ಶಾಟ್. ಎರಡಕ್ಕೂ ಏನ್ ಸಂಬಂಧ ಅಂತೀರಾ? ಓದ್ರಿ.

ಹೋದ ವಾರ ರಾಣೆಬೆನ್ನೂರು ಬಸ್ಸಿನಾಗ ಪಿಯುಸಿ ಸೈನ್ಸ್ ಓದೋ ನನ್ನ ತಂಗಿಗೆ ಒಬ್ಬರು, "ರಿಸರ್ಚ್ ಗಿಸರ್ಚ್ ಎಲ್ಲಾ ಬೆಂಗಳೂರಾಗವ್ವಾ, ನಮ್ಮ ಕಡೆ ಏನೈತಿ?" ಅಂದ್ರು. ಆಕಿ ಸುಮ್ಮನಾದ್ಲು. ನನಗೂ ಉತ್ತರ ಗೊತ್ತಿರಲಿಲ್ಲ. ಆಮೇಲೆ ಹುಡುಕಿದೆ.

1997ರಲ್ಲಿ ಹಾವೇರಿ ಜಿಲ್ಲೆ ಆಗೋ ತನಕ ನಾವೆಲ್ಲಾ ಧಾರವಾಡ ಜಿಲ್ಲೆಯವರೇ. ಕರ್ನಾಟಕ ವಿಶ್ವವಿದ್ಯಾಲಯ ನಮ್ಮದೇ ಯೂನಿವರ್ಸಿಟಿ. ಅಲ್ಲಿ ಪಾಲಿಮರ್ ವಿಜ್ಞಾನಿ ಪ್ರೊ. ತೇಜರಾಜ ಅಮ್ಮಿನಭಾವಿ ವರ್ಷಾನುಗಟ್ಟಲೆ ಕೆಲಸ ಮಾಡಿದರು. ಅಮೆರಿಕದ ಟೆಕ್ಸಾಸ್‌ನಲ್ಲಿ ಓದಿ, ಧಾರವಾಡಕ್ಕೆ ಬಂದು ಲ್ಯಾಬ್ ಬೆಳೆಸಿದವರು. ಈಚೆಗೆ ಹುಬ್ಬಳ್ಳಿಯ ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿದ್ದರು.

ಪಾಲಿಮರ್ ಅಂದ್ರೆ ಸಣ್ಣ ಅಣುಗಳನ್ನು ಮಣಿಸರದಂತೆ ಪೋಣಿಸಿದ ಉದ್ದನೆಯ ಅಣು. ಪ್ಲಾಸ್ಟಿಕ್ ಚೀಲ ಅಷ್ಟೇ ಅಲ್ಲ, ನಮ್ಮ ಹತ್ತಿಯ ನಾರೂ ಪಾಲಿಮರ್ರೇ. ಇಂಥದ್ದರೊಳಗೆ ಔಷಧಿ ತುಂಬಿ, ಮೈಯೊಳಗೆ ನಿಧಾನಕ್ಕೆ ಬಿಡುವಂತೆ ಮಾಡೋದು ಅವರ ತಂಡದ ಒಂದು ದೊಡ್ಡ ಕೆಲಸ. 2001ರಲ್ಲಿ ಕರಗಿಹೋಗುವ ಪಾಲಿಮರ್ ನ್ಯಾನೊ ಕಣಗಳ ಬಗ್ಗೆ, 2004ರಲ್ಲಿ ಸಿಗಡಿ, ಏಡಿ ಚಿಪ್ಪಿನಿಂದ ಬರುವ ಕೈಟೋಸಾನ್ ಬಗ್ಗೆ 'ಜರ್ನಲ್ ಆಫ್ ಕಂಟ್ರೋಲ್ಡ್ ರಿಲೀಸ್'ನಲ್ಲಿ ಬರೆದರು. ಎರಡನ್ನೂ ಜಗತ್ತಿನ ಸಂಶೋಧಕರು ಸಾವಿರಗಟ್ಟಲೆ ಸಲ ಉಲ್ಲೇಖಿಸಿದ್ದಾರೆ. ಜೊತೆಗೆ ಬರೆದವರ ಹೆಸರು ನೋಡ್ರಿ: ಸೊಪ್ಪಿಮಠ, ಕುಲಕರ್ಣಿ, ಅಗ್ನಿಹೋತ್ರಿ, ಮಲ್ಲಿಕಾರ್ಜುನ. ನಮ್ಮ ಕಾಲೇಜಿನ ಹಾಜರಿ ಪುಸ್ತಕ ಓದಿದಂಗ ಆಗ್ತೈತಿ!

ಈ ಉಲ್ಲೇಖ ಎಣಿಸೋ ಲೆಕ್ಕಕ್ಕೂ ಇತಿಹಾಸ ಐತಿ. 1964ರಲ್ಲಿ ಯೂಜೀನ್ ಗಾರ್ಫೀಲ್ಡ್ ಅನ್ನೋ ಅಮೆರಿಕನ್, ಯಾವ ಪೇಪರನ್ನು ಯಾರು ಉಲ್ಲೇಖಿಸಿದರು ಅಂತ ತೋರಿಸೋ ಸೂಚಿಯನ್ನೇ ಪ್ರಕಟಿಸಿದ. 2005ರಲ್ಲಿ ಜಾರ್ಜ್ ಹಿರ್ಶ್ ಎಚ್-ಇಂಡೆಕ್ಸ್ ತಂದ. ಎಚ್-ಇಂಡೆಕ್ಸ್ 50 ಅಂದ್ರೆ, ಕನಿಷ್ಠ 50 ಸಲ ಉಲ್ಲೇಖವಾದ ಪೇಪರು 50 ಇವೆ ಅಂತ. ಆದರೆ ಒಂದು ಮಾತು: ಮೇಲೆ ಹೇಳಿದ ಎರಡೂ ರಿವ್ಯೂ ಲೇಖನ, ಅಂದ್ರೆ ಅಲ್ಲೀತನಕ ಆದ ಕೆಲಸವನ್ನೆಲ್ಲಾ ಒಂದೇ ಕಡೆ ಕೂಡಿಸಿ ತೂಗಿದ್ದು. ಇಂಥವಕ್ಕೆ ಉಲ್ಲೇಖ ಸಾಮಾನ್ಯವಾಗಿ ಜಾಸ್ತಿ. ಪ್ರಯೋಗ ಮಾಡಿ ಬರೆದದ್ದಕ್ಕೆ ಅಷ್ಟು ಬರೋದಿಲ್ಲ.

ನನಗೆ ಸೇರಿದ್ದು ಅಂಥದ್ದೇ ಒಂದು, 2000ದ ಪೇಪರ್. ಸಮುದ್ರದ ಪಾಚಿಯಿಂದ ಬರುವ ಆಲ್ಜಿನೇಟ್‌ನ ಸಣ್ಣ ಮಣಿಗಳೊಳಗೆ ಬೇವಿನ ಬೀಜದ ಎಣ್ಣೆ ತುಂಬಿದ್ದರು. ಮಣ್ಣಿಗೆ ಹಾಕೋ ಕೀಟನಾಶಕ ಅದು. ಗ್ಲುಟರಾಲ್ಡಿಹೈಡ್‌ನಿಂದ ಮಣಿಯ ಬಿಗಿ ಹೆಚ್ಚಿಸಿದಷ್ಟೂ ಎಣ್ಣೆ ನಿಧಾನ ಹೊರಗೆ ಬರ್ತದೆ. ಒಮ್ಮೆಲೇ ಹೊಡೆದು ಮಳೆಗೆ ತೊಳೆದುಹೋಗೋ ಚಿಂತಿ ಕಡಿಮೆ.

ಬಿಕಾಂ ದೋಸ್ತರ, ದುಡ್ಡು ಕೊಟ್ಟು ಕೊಂಡ ಗುಡ್‌ವಿಲ್ ಮಾತ್ರ ಪುಸ್ತಕಕ್ಕೆ ಬರ್ತೈತಿ, ತಾನಾಗಿ ಬೆಳೆದದ್ದು ಬರೋದಿಲ್ಲ ಅಂತ ಓದೀವಲ್ಲ? ಸೈಟೇಶನ್ನೂ ಹಂಗ. ಪೇಪರಿನಾಗ ಒಪ್ಪಿಕೊಂಡ ಸಾಲ ಮಾತ್ರ ಎಣಿಸ್ತೈತಿ. ಲ್ಯಾಬಿನಾಗ ತಯಾರಾದ ಹುಡುಗರು, ಹೊಲಕ್ಕೆ ಮುಟ್ಟಿದ್ದು, ಮುಟ್ಟದೇ ಉಳಿದದ್ದು ಯಾವುದೂ ಆ ಅಂಕಿಯೊಳಗಿಲ್ಲ.

ತಂಗಿಗೆ ಪೇಪರ್ ತೋರಿಸಿದೆ. ಅರ್ಧ ತಿಳೀಲಿಲ್ಲ ಅಂದ್ಲು, ಆದ್ರೆ ಫೋಟೋ ಹೊಡ್ಕೊಂಡ್ಲು. ಕಾಕಾ ಎಣ್ಣಿ ಹೊಡಿಯೋ ಪಂಪ್ ಬೆನ್ನಿಂದ ಇಳಿಸಿ ಪೂರ್ತಿ ಕೇಳಿದ. "ತಮ್ಮಾ, ಆ ಬೇವಿನ ಮಣಿ ಬ್ಯಾಡಗ್ಯಾಗ ಯಾವ ಅಂಗಡ್ಯಾಗ ಸಿಗ್ತಾವು?"

ಕೆಮಿಸ್ಟ್ರಿ ದೋಸ್ತರ, ಗೊತ್ತಿದ್ರ ಕಮೆಂಟ್ ಮಾಡ್ರಿ. ಕಾಕಾ ಕಾಯಾಕತ್ಯಾನ.