ತಡವಾಗಿ ಕೊಂಡವರ ಲೆಕ್ಕ

ಮೊಬೈಲ್ ಫೋನನ್ನು ತಡವಾಗಿ ಕೊಂಡ ಹೆಂಗಸರೆಂದರೆ ಮನೆಯ ಹುಡುಗರಿಗೆ ಈಗಲೂ ನಗು. "ಅವ್ವಗ ಅದನ್ನ ಮುಟ್ಟಾಕೂ ಅಂಜಿಕಿ ಇತ್ತು" ಎಂದು ಬಂದ ಬೀಗರ ಮುಂದೆಲ್ಲ ಹೇಳುತ್ತಾರೆ. ನನಗೆ ಈ ಮಾತು ಒಪ್ಪಿಗೆಯಿಲ್ಲ. ಕುಕ್ಕರಿಗೆ, ಮಿಕ್ಸರಿಗೆ, ಹೊಲಿಗೆ ಯಂತ್ರಕ್ಕೆ ಅಂಜದವರು ಅಂಗೈಯಷ್ಟು ಡಬ್ಬಿಗೆ ಏಕೆ ಅಂಜಿಯಾರು? ಅವರು ಲೆಕ್ಕ ಹಾಕುತ್ತಿದ್ದರು, ಅಷ್ಟೆ. ಆ ಲೆಕ್ಕದ ಚರಿತ್ರೆಯನ್ನು ಯಾರೂ ಬರೆದಿಡಲಿಲ್ಲವೆಂದು ಈ ನಾಲ್ಕು ಮಾತು.

ನಮ್ಮ ಮುನಿರಾಬಾದ್ ಅಣೆಕಟ್ಟೆಯಿಂದ ಬೆಳೆದ ಊರು. 1945ರಲ್ಲಿ ತುಂಗಭದ್ರೆಯ ಎರಡೂ ದಂಡೆಗೆ ಅಡಿಗಲ್ಲು ಬಿದ್ದಾಗ ಈಚೆಗೆ ನಿಜಾಮರ ಹೈದರಾಬಾದ್ ಸಂಸ್ಥಾನ, ಆಚೆಗೆ ಮದರಾಸು ಪ್ರಾಂತ. 1953ರಲ್ಲಿ ಕಾಲುವೆಗೆ ನೀರು ಹರಿಯಿತು. ಕೆಲಸಕ್ಕೆಂದು ಎಲ್ಲೆಲ್ಲಿಂದಲೋ ಬಂದ ಸಂಸಾರಗಳು ಪ್ರಾಜೆಕ್ಟಿನ ಕ್ವಾರ್ಟರ್ಸುಗಳಲ್ಲಿ ಬೇರು ಬಿಟ್ಟವು. ಹಾಗಾಗಿ ಇಲ್ಲಿಯ ಎಷ್ಟೋ ಹೆಂಗಸರ ತವರು ಒಂದು ಹಗಲಿನ ಬಸ್ಸಿಗೆ ಸಿಗುವಂಥದಲ್ಲ. ಹೊಳೆಯಾಚೆಯ ಹೊಸಪೇಟೆಯಂತೂ ಕಣ್ಣಳತೆಯಲ್ಲೇ ಇದೆ, ಆದರೆ ಫೋನಿನ ಲೆಕ್ಕದಲ್ಲಿ ಅದೂ ಪರವೂರೇ. ಅವರ ಕೋಡು 08394, ನಮ್ಮದು 08539.

ಮನೆಗೊಂದು ಫೋನೆಂದರೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯುವ ಕಾಲವದು. ಮದುವೆಯ ಕರೆಯೋಲೆಗಳಲ್ಲಿ ನಂಬರಿನ ಮುಂದೆ 'ಪಿ.ಪಿ.' ಎಂದು ಅಚ್ಚಾಗಿರುತ್ತಿದ್ದುದು ನಿಮಗೂ ನೆನಪಿರಬಹುದು. ಪಕ್ಕದ ಮನೆಯ ಫೋನು ಎಂದರ್ಥ. ಕರೆ ಬಂದರೆ ಆ ಮನೆಯ ಹುಡುಗ ಓಡಿ ಬರಬೇಕು, ನಾವು ಒಲೆ ಆರಿಸಿ ಓಡಬೇಕು. ಅಲ್ಲಿ ಯಜಮಾನರು ಪೇಪರು ಮುಖಕ್ಕೆ ಹಿಡಿದು ಕೂತಿರುತ್ತಾರೆ. ತವರಿನ ಸುಖದುಃಖವನ್ನು "ಹೂಂ, ಹೂಂ" ಎಂಬ ಎರಡಕ್ಷರದಲ್ಲೇ ಮುಗಿಸಬೇಕು.

ಹಳ್ಳಿ ಪಟ್ಟಣಗಳಿಗೆ ಫೋನು ಸಲೀಸಾಗಿ ಬರತೊಡಗಿದ್ದು ಒಂದು ದೇಶೀ ಯಂತ್ರದಿಂದ. ಸ್ಯಾಮ್ ಪಿತ್ರೋಡಾ ಅವರ ಹೆಸರಿನ ಜೊತೆ ಕೇಳಿಬರುವ ಸಿ-ಡಾಟ್ ಸಂಸ್ಥೆ 1984ರಲ್ಲಿ ಹುಟ್ಟಿತು. ಅದು ತಯಾರಿಸಿದ, ಹವಾನಿಯಂತ್ರಣ ಬೇಡದ, ನಮ್ಮ ಧೂಳು ಸೆಕೆಗಳನ್ನು ತಾಳುವ ಗ್ರಾಮೀಣ ವಿನಿಮಯ ಕೇಂದ್ರ 1986ರಲ್ಲಿ ಮೊದಲು ಕೆಲಸ ಆರಂಭಿಸಿದ್ದು ನಮ್ಮದೇ ಕಿತ್ತೂರಿನಲ್ಲಿ. ಚೆನ್ನಮ್ಮನ ಊರಿಗೆ ಈ ಹಿರಿಮೆಯೂ ಇದೆ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳು ಬೆರಗಾಗುತ್ತಾರೆ. ಆಮೇಲೆ ಬಂದವು ಹಳದಿ ಬಣ್ಣದ ಎಸ್‌ಟಿಡಿ ಬೋರ್ಡುಗಳು. ರಾತ್ರಿ ದರ ಇಳಿಯುವ ಹೊತ್ತಿಗೆ ಗಾಜಿನ ಗೂಡಿನ ಮುಂದೆ ಪಾಳಿ. ಒಳಗೆ ನಿಂತವಳ ಕಣ್ಣು ಗೋಡೆಯ ಕೆಂಪು ಅಂಕಿಗಳ ಮೇಲೆ. ಅಳು ಬಂದರೂ ಮೀಟರ್ ನೋಡಿಕೊಂಡೇ ಅಳಬೇಕು.

ಇಂಥ ಶಿಸ್ತಿನಲ್ಲಿ ಪಳಗಿದವರ ಮುಂದೆ ಮೊಬೈಲ್ ಬಂತು. 1995ರ ಜುಲೈ 31ರಂದು ಕಲ್ಕತ್ತೆಯಿಂದ ಜ್ಯೋತಿ ಬಸು ಅವರು ದಿಲ್ಲಿಯಲ್ಲಿದ್ದ ಮಂತ್ರಿ ಸುಖರಾಮ್ ಅವರೊಡನೆ ಮಾತಾಡಿದ್ದು ದೇಶದ ಮೊದಲ ಮೊಬೈಲ್ ಕರೆ. ಆಗಿನ ದರ ನಿಮಿಷಕ್ಕೆ 16 ರೂಪಾಯಿ 80 ಪೈಸೆಯವರೆಗೆ ಇತ್ತು. ಅದಕ್ಕಿಂತ ವಿಚಿತ್ರವೆಂದರೆ, ಬಂದ ಕರೆಗೂ ದುಡ್ಡು ತೆರಬೇಕು! ಮನೆಗೆ ಬಂದ ಅತಿಥಿಗೆ ಊಟವನ್ನೂ ಹಾಕಿ, ಬಂದದ್ದಕ್ಕೆ ದಂಡವನ್ನೂ ಕಟ್ಟಿದಂತೆ. ಇದನ್ನು ಕೇಳಿ "ನನಗೆ ಬೇಡ" ಎಂದವಳು ದಡ್ಡಿಯೇ?

2002ರ ಅಕ್ಟೋಬರಿನಲ್ಲಿ ಬಿಎಸ್‌ಎನ್‌ಎಲ್ ಮೊಬೈಲ್ ಸೇವೆ ಆರಂಭಿಸಿತು. 2003ರ ಮೇ 1ರಿಂದ ಬಂದ ಕರೆಗೆ ದುಡ್ಡಿಲ್ಲ ಎಂದಾಯಿತು. ನನ್ನ ಮಟ್ಟಿಗೆ ಮೊಬೈಲಿನ ಚರಿತ್ರೆ ಶುರುವಾಗುವುದು ಆ ತಾರೀಖಿನಿಂದ. ಆದರೂ ನಾನು ಮತ್ತೊಂದು ವರ್ಷ ತಡೆದೆ. ಕಾರಣ ದುಡ್ಡಲ್ಲ. ಶಾಲೆ ಬಿಟ್ಟು ಮನೆ ಮುಟ್ಟುವ ನಡುವಿನ ಅರ್ಧ ತಾಸು ಯಾರಿಗೂ ಸೇರದ ಹೊತ್ತು. ಕಾಯಿಪಲ್ಯೆ ಕೊಳ್ಳಬಹುದು, ಹುಲಿಗೆಮ್ಮನ ಗುಡಿಯಲ್ಲಿ ಸುಮ್ಮನೆ ಕೂರಬಹುದು. ಚೀಲದಲ್ಲೊಂದು ಫೋನಿದ್ದರೆ "ಎಲ್ಲಿದ್ದೀ?" ಎಂಬ ಪ್ರಶ್ನೆಯೂ ಅಲ್ಲೇ ಇರುತ್ತದೆ ಎಂದು ನನಗೆ ಮೊದಲೇ ಹೊಳೆದಿತ್ತು. ಹಾಗೆಯೇ ಆಯಿತು.

2004ರ ದೀಪಾವಳಿಗೆ ತಮ್ಮ ಬಲವಂತ ಮಾಡಿ ಅಂಗಡಿಗೆ ಕರೆದೊಯ್ದ. ಅಂಗಡಿಯವನಿಗೆ ಮೂರು ಪ್ರಶ್ನೆ ಕೇಳಿದೆ. ಬಂದ ಕರೆಗೆ ದುಡ್ಡಿದೆಯೇ? ಇಲ್ಲ ಮೇಡಂ. ತಿಂಗಳ ಬಾಡಿಗೆ ಇದೆಯೇ? ಇಲ್ಲ ಮೇಡಂ. ಹಾಕಿದ ಕರೆನ್ಸಿಯ ಅವಧಿ ಮುಗಿದರೆ ಬರುವ ಕರೆಯೂ ನಿಲ್ಲುತ್ತದೆಯೇ? ಅದಕ್ಕೆ ಅವನು ಫ್ಯಾನು ನೋಡತೊಡಗಿದ. ಕೊನೆಗೆ ಮನಸ್ಸು ಸೋತದ್ದು ನೋಕಿಯಾ 1100ರ ತಲೆಯಲ್ಲಿದ್ದ ಬ್ಯಾಟರಿ ದೀಪಕ್ಕೆ. ಅಣೆಕಟ್ಟೆಯ ಬುಡದಲ್ಲೇ ವಿದ್ಯುದಾಗಾರ ಇಟ್ಟುಕೊಂಡೂ ಸಂಜೆ ಕರೆಂಟು ಹೋಗುತ್ತಿದ್ದ ಊರಿನವಳು ನಾನು! ಲೋಕದಲ್ಲಿ 25 ಕೋಟಿಗೂ ಮಿಕ್ಕಿ ಮಾರಾಟವಾದ ಫೋನದು. ನನ್ನ ಹಾಗೆ ದೀಪಕ್ಕಾಗಿಯೇ ಕೊಂಡವರು ಎಷ್ಟು ಜನವೋ.

ಕರೆ ಬಂದರೆ ಬಿಟ್ಟಿ, ಮಾಡಿದರೆ ದುಡ್ಡು ಎಂದಾದ ಮೇಲೆ ಹೆಂಗಸರು ಸುಮ್ಮನೆ ಕೂರಲಿಲ್ಲ. 'ಮಿಸ್ ಕಾಲ್' ಎಂಬ ಭಾಷೆಯನ್ನೇ ಕಟ್ಟಿದರು. ನನಗೂ ನನ್ನ ತಂಗಿಗೂ ಇದ್ದ ಒಪ್ಪಂದ ಹೀಗೆ: ಒಂದು ರಿಂಗಾದರೆ ಬಸ್ಸು ಹತ್ತಿದೆ, ಎರಡಾದರೆ ಮುಟ್ಟಿದೆ, ನಿಲ್ಲದೆ ಬಡಿದುಕೊಂಡರೆ ರೊಕ್ಕ ಹೋದರೂ ಚಿಂತೆಯಿಲ್ಲ, ಎತ್ತು. 2006ರ ಮಾರ್ಚಿನಲ್ಲಿ ಬಿಎಸ್‌ಎನ್‌ಎಲ್ ದೇಶದ ಯಾವ ಮೂಲೆಗಾದರೂ ನಿಮಿಷಕ್ಕೆ ಒಂದು ರೂಪಾಯಿ ಎಂಬ ಯೋಜನೆ ತಂದ ಮೇಲೆ ಪುಣೆಯಲ್ಲಿದ್ದ ಅವಳ ದನಿ ವಾರಕ್ಕೊಮ್ಮೆ ಪೂರಾ ಕೇಳಿಸಿತು. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುತ್ತ ಮಾತಾಡುತ್ತಿದ್ದೆವು. ಪೇಪರಿನ ಮರೆಯ ಕಿವಿಯಿಲ್ಲ, ಬೆನ್ನ ಹಿಂದೆ ಪಾಳಿಯಿಲ್ಲ. ಮದುವೆಯಾದ ಹನ್ನೊಂದು ವರ್ಷಕ್ಕೆ ಅವಳು ನನಗೆ ತನ್ನ ಅತ್ತೆಮನೆಯ ನಿಜ ಹೇಳಿದ್ದು ಹಾಗೊಂದು ಮಧ್ಯಾಹ್ನ. ಪಿ.ಪಿ. ನಂಬರಿನಲ್ಲಿ, ಗಾಜಿನ ಗೂಡಿನಲ್ಲಿ ಹೇಳಲಾಗದೆ ಉಳಿದಿದ್ದ ಮಾತದು.

ಎಲ್ಲರಿಗೂ ಆ ಮಾಳಿಗೆ ಸಿಕ್ಕಿತೆಂದು ತಿಳಿಯಬೇಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ, ದೇಶದಲ್ಲಿ ತಾವೇ ಬಳಸುವ ಮೊಬೈಲ್ ಇದ್ದ ಹೆಂಗಸರು ನೂರಕ್ಕೆ 54 ಮಂದಿ. ಉಳಿದವರದು ಗಂಡನ ಕಿಸೆಯ ಫೋನು, ಮಗನ ಕೈಯ ಫೋನು. ಹಳೆಯ ಪಿ.ಪಿ.ಯೇ ಮನೆಯೊಳಗೆ ಬಂದು ಕೂತಿದೆ.

ನಮ್ಮ ಅತ್ತೆಗೆ ಅಕ್ಷರ ಬಾರದು. ಹೆಸರು ಬರೆದಿಟ್ಟರೆ ಪ್ರಯೋಜನವಿಲ್ಲವೆಂದು ನಂಬರಿನ ಕೊನೆಯ ಎರಡಂಕಿ ಕಲಿಸಿದೆ. ಹತ್ತು ಅಂಕಿಗಳಿಗೆ ನಾಲ್ಕು ಸಂಜೆ ಸಾಕಾದವು. 38 ಬಂದರೆ ಹಿರಿಮಗಳು, 71 ಬಂದರೆ ಕಿರಿಯವಳು. ಮಗಳ ಕರೆ ಬಂದೊಡನೆ ಕಟ್ ಮಾಡಿ, ನನ್ನ ಕೈಗೆ ಫೋನು ಕೊಟ್ಟು ಹೇಳುತ್ತಿದ್ದರು: "ನೀನ ಹಚ್ಚು. ಅಕಿ ರೊಕ್ಕ ಹೋಗೂದು ಬ್ಯಾಡ."