ನೀರು ಬಿಡುವ ಹೊತ್ತು: ಗೊದಮೊಟ್ಟೆಯ ಲೆಕ್ಕ ಬಿಡಿಸಿದ ನೂರು ವರ್ಷ

ಮುಂಗಾರು ಹಿಡಿದರೆ ಹೆಬ್ಬಳ್ಳಿ ಸೀಮೆಯ ಎರೆಹೊಲದ ಬದುವಿನಲ್ಲಿ, ಚಕ್ಕಡಿ ದಾರಿಯ ತಗ್ಗಿನಲ್ಲಿ ನೀರು ನಿಲ್ಲುತ್ತದೆ. ಕೆಲವೇ ದಿನಗಳಲ್ಲಿ ಅಲ್ಲಿ ಗೊದಮೊಟ್ಟೆಗಳು ಗಿಜಿಗುಡುತ್ತವೆ. ಮಳೆ ಕೈಕೊಟ್ಟು ತಗ್ಗು ಬತ್ತುವುದರೊಳಗೆ ಕಾಲು ಮೂಡಿದವು ದಡ ಹತ್ತುತ್ತವೆ, ಉಳಿದವು ಸಾಯುತ್ತವೆ. ನೀರಿನಲ್ಲಿ ಹುಟ್ಟಿದ ಜೀವ ನೀರನ್ನು ಯಾವಾಗ, ಏಕೆ ಬಿಡುತ್ತದೆ? ನೂರು ವರ್ಷ ದಾಟಿದ ಈ ಹುಡುಕಾಟದಲ್ಲಿ ಧಾರವಾಡದ ಪಾಲೂ ಇದೆ.

ಮೊದಲ ಉತ್ತರ ದೇಹದೊಳಗೆ ಸಿಕ್ಕಿತು. 1912ರಲ್ಲಿ ವಿಜ್ಞಾನಿ ಗುಡರ್ನಾಚ್ ಗೊದಮೊಟ್ಟೆಗಳಿಗೆ ಥೈರಾಯ್ಡ್ ಗ್ರಂಥಿಯನ್ನು ತಿನ್ನಿಸಿದಾಗ ಅವು ಅವಧಿಗೆ ಮೊದಲೇ ಪುಟಾಣಿ ಕಪ್ಪೆಗಳಾದವು. ಕೆಲವೇ ವರ್ಷಗಳಲ್ಲಿ ಬೆನೆಟ್ ಆ್ಯಲೆನ್ ಆ ಗ್ರಂಥಿಯನ್ನೇ ತೆಗೆದು ನೋಡಿದರು. ಗೊದಮೊಟ್ಟೆಗಳು ಬೆಳೆದು ದೊಡ್ಡವಾದವು, ಕಪ್ಪೆಗಳಾಗಲಿಲ್ಲ. ರೂಪಾಂತರದ ಕೀಲಿ ಥೈರಾಯ್ಡ್ ಎಂಬುದು ಖಚಿತವಾಯಿತು. ಆದರೆ ಒಂದೇ ಹೊಂಡದ ಒಡಹುಟ್ಟುಗಳಲ್ಲಿ ಕೆಲವು ಬೇಗ, ಕೆಲವು ತಡವಾಗಿ ಹೊರಬೀಳುವುದೇಕೆ ಎಂಬುದು ಉಳಿದೇ ಇತ್ತು.

1973ರಲ್ಲಿ ಹೆನ್ರಿ ವಿಲ್ಬರ್ ಮತ್ತು ಜೇಮ್ಸ್ ಕಾಲಿನ್ಸ್ ಆ ಪ್ರಶ್ನೆ ಎತ್ತಿಕೊಂಡರು. ಕಪ್ಪೆಯಾಗಲು ಕನಿಷ್ಠ ಗಾತ್ರವೊಂದು ಬೇಕು. ಅದು ದಾಟಿದ ಮೇಲೆ ಬೆಳವಣಿಗೆ ಚೆನ್ನಾಗಿದ್ದರೆ ನೀರಿನಲ್ಲೇ ಉಳಿಯುವುದು ಲಾಭ, ಕುಂಠಿತವಾದರೆ ಹೊರಡುವುದು ಲಾಭ ಎಂದರು. 1986ರಲ್ಲಿ ಅರ್ಲ್ ವರ್ನರ್ ಅದಕ್ಕೆ ಸಾವಿನ ಭಯವನ್ನೂ ಸೇರಿಸಿದರು. ನೀರು, ನೆಲ ಎರಡರಲ್ಲೂ ಬೆಳವಣಿಗೆ ಎಷ್ಟು, ಬೇಟೆಯಾಗುವ ಅಪಾಯ ಎಷ್ಟು ಎಂದು ತೂಗಿದರೆ ಹೊರಡುವ ಹೊತ್ತು ತಿಳಿಯುತ್ತದೆ.

ದಾಟುವ ಹೊತ್ತೇ ದುಬಾರಿ. ನಾಲ್ಕೂ ಕಾಲು ಬಂದು ಬಾಲ ಇನ್ನೂ ಕರಗದ ಮರಿಯನ್ನು ನೋಡಿ: ಈಜಲು ಕಾಲು ಅಡ್ಡಿ, ಜಿಗಿಯಲು ಬಾಲ ಭಾರ. ಬಾಯಿ, ಕರುಳು ಮಾರ್ಪಡುವ ಆ ದಿನಗಳಲ್ಲಿ ಅದು ಉಣ್ಣುವುದಿಲ್ಲ; ಬಾಲವೇ ಅದರ ಬುತ್ತಿ. ಇಂಥ ಮರಿಗಳೇ ಹಾವುಗಳಿಗೆ ಹೆಚ್ಚಾಗಿ ಸಿಗುತ್ತವೆಂದು 1978ರಲ್ಲಿ ಆರ್ನಾಲ್ಡ್ ಮತ್ತು ವಾಸರ್ಸಗ್ ತೋರಿಸಿದರು.

ಹೊರಗಿನ ಲೆಕ್ಕ ಒಳಗಿನ ಗ್ರಂಥಿಗೆ ಮುಟ್ಟುವುದು ಹೇಗೆಂಬುದು 1990ರ ದಶಕದಲ್ಲಿ ತಿಳಿಯಿತು. ನೀರು ಇಳಿದಂತೆ ಗೊದಮೊಟ್ಟೆಯ ಮೆದುಳಿನ ಒತ್ತಡದ ಹಾರ್ಮೋನು ಚುರುಕಾಗಿ ಥೈರಾಯ್ಡನ್ನು ಎಬ್ಬಿಸುತ್ತದೆಂದು ರಾಬರ್ಟ್ ಡೆನ್ವರ್ ಕಂಡುಕೊಂಡರು.

ನಮ್ಮ ಕಪ್ಪೆಗಳ ಮಾತು ಬಂದದ್ದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಣಿಶಾಸ್ತ್ರ ವಿಭಾಗದಿಂದ. ಎಸ್.ಕೆ. ಸೈದಾಪುರ, ಭಾಗ್ಯಶ್ರೀ ಶಾನಭಾಗ, ಸಂತೋಷ ಮೊಗಲಿ ಅವರು ಮಣ್ಣು ತೋಡಿ ಅಡಗುವ ಸ್ಫೀರೋಥೀಕಾ ಬ್ರೆವಿಸೆಪ್ಸ್ ಕಪ್ಪೆಯ ಮರಿಗಳನ್ನು ಪ್ರಯೋಗಾಲಯದಲ್ಲಿ ಸಾಕಿ, ನೀರಿನ ಮಟ್ಟ ಇಳಿದರೆ ರೂಪಾಂತರ ಚುರುಕಾಗುತ್ತದೆಂದು 2011ರಲ್ಲಿ ‘ಕರೆಂಟ್ ಸೈನ್ಸ್’ನಲ್ಲಿ ಪ್ರಕಟಿಸಿದರು. ಬೇಟೆಗಾರರ ಕಾಟ ಹೆಚ್ಚಿದಂತೆ ನೆಲಗಪ್ಪೆಯ ಗೊದಮೊಟ್ಟೆಗಳ ವರ್ತನೆ, ರೂಪಾಂತರ ಹೇಗೆ ಬದಲಾಗುತ್ತವೆ ಎಂಬುದನ್ನೂ ಇದೇ ತಂಡ ಅಭ್ಯಸಿಸಿತು. ತಗ್ಗಿನ ನೀರನ್ನೇ ನಂಬಿದ ನಮ್ಮ ಜೀವಿಗಳನ್ನು ಇಲ್ಲಿಯವರೇ ಇಲ್ಲಿಯೇ ಓದಿದ್ದು ದೊಡ್ಡ ಕೆಲಸ.

ಈ ನೂರು ವರ್ಷದ ಅರಿವು ನಮಗೊಂದು ಹೊಣೆ ಹೊರಿಸುತ್ತದೆ. ಆತುರದಲ್ಲಿ ಹೊರಟ ಗೊದಮೊಟ್ಟೆ ಸಾಮಾನ್ಯವಾಗಿ ಸಣ್ಣ ಕಪ್ಪೆಯಾಗುತ್ತದೆ. ಸಣ್ಣ ಮೈ ಬೇಗ ಒಣಗುತ್ತದೆ. ಅದಕ್ಕೆ ದಡದಲ್ಲಿ ತೇವ, ಹುಲ್ಲು, ಕಲ್ಲಿನ ಸಂದು ಬೇಕು. ಕೆರೆಯ ಹೂಳೆತ್ತುವಾಗ ದಂಡೆಯನ್ನು ಬೋಳು ಮಾಡಿದರೆ, ಕೃಷಿಹೊಂಡಕ್ಕೆ ಕಡಿದಾದ ಗೋಡೆಯಷ್ಟೇ ಇದ್ದರೆ, ನೀರಿದ್ದೂ ಮರಿಗೆ ದಾರಿಯಿಲ್ಲ. ಹೊಂಡದ ಒಂದು ಬದಿಯನ್ನಾದರೂ ಇಳಿಜಾರಾಗಿ ಬಿಟ್ಟು, ಅಂಚಿನ ಹುಲ್ಲನ್ನು ಉಳಿಸಬೇಕು. ಪೈರಿನ ಕೀಟ ತಿನ್ನುವ ಕಪ್ಪೆ ಹೊಲಕ್ಕೆ ಬರುವುದು ಆ ದಾರಿಯಿಂದಲೇ.